ಅಳಿಸಿದ ನಲವತ್ತೆಂಟು

ಮತ್ತೆ ತೂತು, ಈ ಪುಟದಲ್ಲೂ ತೂತು — ಲೆಕ್ಕದ ಟೀಚರ್ ಕಲ್ಯಾಣಿ ಉತ್ತರಪತ್ರಿಕೆಯನ್ನು ಸ್ಟಾಫ್‌ರೂಮಿನ ಕಿಟಕಿಗೆ ಹಿಡಿದಳು, ರಬ್ಬರು ಉಜ್ಜಿ ಉಜ್ಜಿ ಕಾಗದ ಹರಿದ ಜಾಗದಿಂದ ಜಯನಗರದ ಬಿಸಿಲು ಕಣ್ಣಿಗೆ ಹೊಡೆಯಿತು, ಹತ್ತನೇ ಕ್ಲಾಸಿಗೆ ಬಂದರೂ ಈ ರಾಜಶ್ರೀಗೆ ಪೇಪರು ನೀಟಾಗಿಡಲು ಬರುವುದಿಲ್ಲವಲ್ಲ, ಅರ್ಧವಾರ್ಷಿಕದಲ್ಲಿ ಎಂಬತ್ತಕ್ಕೆ ಹನ್ನೊಂದು, ಇಂಥವಳನ್ನ ಇಟ್ಕೊಂಡು ನೂರಕ್ಕೆ ನೂರು ರಿಸಲ್ಟ್ ಎಲ್ಲಿಂದ ತರೋದು ಮೇಡಂ, ಎಂದು ಹೆಡ್‌ಮಾಸ್ಟರ್ ಗಂಗಾಧರಯ್ಯ ಬೆಳಿಗ್ಗೆಯೇ ಟಿಸಿ ಫಾರಂ ಕೊಟ್ಟು ಹೋಗಿದ್ದಾರೆ, ಒಂದು ಸೈನ್ ಹಾಕ್ಬಿಡಿ, ಟಿಸಿ ತಗೊಂಡು ಪ್ರೈವೇಟಾಗಿ ಎಕ್ಸಾಮ್ ಬರ್ಕೊಳ್ಳಲಿ, ಎಲ್ಲಾ ಸ್ಕೂಲಲ್ಲೂ ಮಾಡ್ತಾರೆ — ಮಾಡುತ್ತಾರೆ, ನಿಜ, ಹೋದ ವರ್ಷ ಇಬ್ಬರಿಗೆ ತಾನೂ ಹಾಕಿದ್ದಾಳೆ, ಹಾಗೆ ಹೋದವರು ಪರೀಕ್ಷೆ ಬರೆದರೋ ಇಲ್ಲವೋ ವಿಚಾರಿಸಿದವರು ಯಾರು, ನಾನಂತೂ ಇಲ್ಲ.

ಬಿಸಿಲಿಗೆ ಹಿಡಿದದ್ದಕ್ಕೇ ಕಂಡಿತು, ತೂತಿನ ಅಂಚಿನಲ್ಲಿ ಪೆನ್ಸಿಲಿನ ಅಚ್ಚು, ನಾಲ್ಕು, ಪಕ್ಕದಲ್ಲಿ ಅರ್ಧ ಎಂಟು, ನಲವತ್ತೆಂಟು, ಸರಿಯುತ್ತರ — ಮೇಲೆ ನೀಲಿ ಪೆನ್ನಿನಲ್ಲಿ ಗೈಡಿನಿಂದ ಉರುಹೊಡೆದ ಸ್ಟೆಪ್ಪುಗಳು, ಒಂದೂ ಸರಿಯಿಲ್ಲ, ಪುಟ ತಿರುಗಿಸಿದರೆ ಅಲ್ಲೂ ಹಾಗೇ, ಮುಂದೂ ಹಾಗೇ, ಸರಿ ಬರೆದು ಅಳಿಸಿದ್ದಾಳೆ, ಯಾಕೆ ತಾಯಿ, ಯಾಕೆ — ಅವಳಮ್ಮ ಯಲ್ಲವ್ವ, ಬಿಟಿಎಮ್ಮಿನ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿದು ಪಿಜಿಗಳಿಗೆ ಕೊಡುವವಳು, ಒಮ್ಮೆ ಹಿಟ್ಟಿನ ಕೈಯಲ್ಲೇ ಸ್ಕೂಲಿಗೆ ಬಂದು ನಿಂತು, ನಮ್ಮ ಹುಡುಗಿಗೆ ಲೆಕ್ಕ ಬಾಯಾಗ ಐತ್ರಿ ಟೀಚರ್, ಎಷ್ಟ್ ಮಂದಿಗೆ ಎಷ್ಟ್ ರೊಟ್ಟಿ ಅಂತ ನಾ ಕೇಳೂದ್ರಾಗ ಹೇಳ್ತಾಳ್ರಿ, ಎಂದಾಗ ತಾನು ಒಳಗೊಳಗೇ ನಕ್ಕಿದ್ದು, ಎಲ್ಲ ತಾಯಂದಿರೂ ಹೀಗೆಯೇ ಎಂದು — ಬಾಯಲ್ಲಿ, ಅಯ್ಯೋ, ಬಾಯಲ್ಲಿ. ಆಗ ಎಂಟನೇ ಕ್ಲಾಸು, ಬಾದಾಮಿ ಕಡೆಯಿಂದ ಆಗಷ್ಟೇ ಬಂದ ಹುಡುಗಿ, ಒಂದೂ ಸ್ಟೆಪ್ಪಿಲ್ಲದೆ ಬರೀ ಉತ್ತರ ಬರೆದಿದ್ದಳು, ಎಲ್ಲವೂ ಸರಿ, ಇಡೀ ಕ್ಲಾಸಿನೆದುರು ಎಬ್ಬಿಸಿ, ಯಾರದು ನೋಡ್ಕೊಂಡು ಬರ್ದೆ, ನಿಜ ಹೇಳು, ಎಂದದ್ದು ಯಾರು, ಇಲ್ರಿ ಟೀಚರ್, ನಾನಽ ಮಾಡೀನ್ರಿ, ಎಂದು ಅವಳು ಅತ್ತರೂ ಕೈಗೆ ರಬ್ಬರು ಕೊಟ್ಟು ಅಳಿಸು ಎಂದದ್ದು ಯಾರು, ನಾನೇ ತಾನೇ, ಎರಡು ವರ್ಷದಿಂದ ಹೇಳಿದ ಮಾತು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದೆ ಮಗು.

ಬಾಗಿಲಲ್ಲಿ ಗಂಗಾಧರಯ್ಯ, ಸೈನ್ ಆಯ್ತಾ ಮೇಡಂ, ಇಲ್ಲ ಸಾರ್, ಹಾಕಲ್ಲ, ಅವಳು ನಮ್ಮ ಸ್ಕೂಲಿಂದಲೇ ಬರೀತಾಳೆ, ಫೇಲಾದ್ರೆ ಏನ್ಮಾಡ್ತೀರಿ, ಕೇಳಿದವರಿಗೆ ನನ್ನ ಹೆಸರು ಹೇಳಿ ಸಾರ್ — ಅವರು ಗೊಣಗುತ್ತ ಹೋದರು, ಪರೀಕ್ಷೆಗೆ ಐದೇ ತಿಂಗಳು, ನಾಳೆಯಿಂದ ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಉತ್ತರ ಕೇಳಬೇಕು, ಆಮೇಲೆ ಸ್ಟೆಪ್ಪು, ರಬ್ಬರು ಮುಟ್ಟಿಸಬಾರದು, ಕೆಂಪು ಪೆನ್ನು ತೆಗೆದು ಸರಿ ಗುರುತು ಹಾಕಹೋದರೆ ಹಾಕಲು ಕಾಗದವೇ ಇಲ್ಲ, ಪೆನ್ನಿನ ತುದಿ ತೂತಿನೊಳಗಿಂದ ಹಾದು ಮೇಜಿಗೆ ತಾಗಿತು, ನಾಲ್ಕು, ಅರ್ಧ ಎಂಟು, ತೂತು, ತಾನೇ ಕೊಟ್ಟ ರಬ್ಬರಿನ ತೂತು