ಗಾರ್ಡ್ ಬಿಚ್ಚಿದ ಗ್ರೈಂಡರ್

ರಿಟೈರ್ ಆದ ಗಂಡಸು ಮನೆಯಲ್ಲಿ ಕೂತರೆ ಏನಾಗುತ್ತದೆ ಅಂತ ಉರಿಗಾಂನಲ್ಲಿ ಯಾರನ್ನು ಬೇಕಾದರೂ ಕೇಳಿ. ಮೊದಲ ತಿಂಗಳು ಹಬ್ಬ. ಆಮೇಲೆ ಹೆಂಡತಿ ಮಾಡಿದ ಸಾರಿಗೆ ಕೊಂಕು ತೆಗೆಯುವುದು, ಟಿವಿ ಮುಂದೆ ತೂಕಡಿಸುವುದು, ಕೊನೆಗೆ ಯಾರ ಜೊತೆಗೂ ಮಾತಿಲ್ಲದೆ ಗೋಡೆ ನೋಡುವುದು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ವೆಂಕಟೇಶಪ್ಪನಿಗೂ ಹಾಗೇ ಆಯಿತು. ಶುಗರ್ ಏರಿತು, ಮುಖ ಬಾಡಿತು.

ಹಾಗಾಗಿ ಅವನು ಬಂಗಾರಪೇಟೆಯಿಂದ ಒಂದು ಕೈ ಗ್ರೈಂಡರ್ ತಂದು, ಹಿತ್ತಲ ಶೆಡ್ಡಿನಲ್ಲಿ ಕಬ್ಬಿಣ ಕುಯ್ಯಲು ಶುರು ಮಾಡಿದಾಗ ಹೆಂಡತಿ ಮುನಿಲಕ್ಷ್ಮಿ ದೇವರಿಗೆ ಕೈ ಮುಗಿದಳು. ಒಬ್ಬರಿಗೆ ಕಿಟಕಿ ಗ್ರಿಲ್, ಇನ್ನೊಬ್ಬರ ಕೊಟ್ಟಿಗೆಗೆ ಗೇಟು. ಗಂಡ ಹೊಟ್ಟೆ ತುಂಬ ಉಂಡು ನಿದ್ದೆ ಮಾಡತೊಡಗಿದ. ಈಗ ನಿದ್ದೆ ಕೆಟ್ಟಿದ್ದು ಅವಳದ್ದು. ಕಿಡಿ ಹಾರುವಾಗ ಅವನ ಕಣ್ಣಿಗೆ ಏನೂ ಇರುತ್ತಿರಲಿಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ, ಸೊಂಟದಲ್ಲಿ ಲುಂಗಿ. ಹೆಂಡತಿ ಬಂದು ತಲೆ ತಿನ್ನಬಾರದು ಅಂತ ಒಳಗಿಂದ ಚಿಲಕ ಬೇರೆ.

“ಕನ್ನಡಕ ಆಕ್ಕೊಳ್ಳಿ ಅಂದ್ರೆ ಕೇಳಲ್ವಲ್ಲ ನೀವು!”

“ಲೇ, ಕನ್ನಡಕ, ಬೂಟು ಎಲ್ಲಾ ಕಡೇ ದಿನ ಸ್ಟೋರ್ಸ್‌ಗೆ ವಾಪಸ್ ಕೊಟ್ಬಿಟ್ಟೆ ಕಣೇ. ಮಾಲೆ ಆಕಿಸ್ಕೊಂಡು ಗೇಟು ದಾಟಿ ಬಂದಿದೀನಿ. ಇನ್ಯಾವ ಸೂಪರ್‌ವೈಸರ್ ಬಂದು ಕೇಳ್ತಾನೆ? ನೀನಾ?”

ನಮ್ಮವರ ತಪ್ಪು ಇಲ್ಲೇ ಇರುವುದು ನೋಡಿ. ಕನ್ನಡಕ ಕೊಟ್ಟಿದ್ದು ಕಂಪನಿ, ಹಾಕಿಲ್ಲ ಅಂದರೆ ಬೈದಿದ್ದೂ ಕಂಪನಿ. ಕೊನೆಗೆ ಕಣ್ಣು ಕೂಡ ಕಂಪನಿಯದ್ದೇ ಅನ್ನುವಷ್ಟು ಉಡಾಫೆ ಬಂದುಬಿಡುತ್ತದೆ.

ಒಂದು ದಿನ ಪಕ್ಕದ ಚಾಂಪಿಯನ್ ರೀಫ್ಸ್‌ನಿಂದ ಸುದ್ದಿ ಬಂತು. ವೆಂಕಟೇಶಪ್ಪನ ಜೊತೆಗೇ ಕೆಲಸ ಮಾಡಿ, ಜೊತೆಗೇ ರಿಟೈರ್ ಆದ ಸೆಲ್ವರಾಜ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ಗ್ರೈಂಡರ್ ಡಿಸ್ಕ್ ಒಡೆದು ಒಂದು ಕಣ್ಣು ಹೋಗಿದೆ. ಗಂಡ ಹೆಂಡತಿ ಇಬ್ಬರೂ ಎದ್ದು ಓಡಿದರು.

ಸೆಲ್ವರಾಜ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ. ಎಂಥ ನಗೆಗಾರ ಮನುಷ್ಯ! ಅವತ್ತು ತಲೆ ಎತ್ತಲೂ ಇಲ್ಲ.

“ಎನ್ನಪ್ಪಾ ವೆಂಕಟೇಸಪ್ಪ, ಬಂದ್ಯಾ?”

“ಏನ್ಲಾ ಮಾಡ್ಕೊಂಡೆ ಇದು?”

“ನಾಲ್ಕಿಂಚಿನ ಮೆಷಿನ್‌ಗೆ ಐದಿಂಚಿನ ಡಿಸ್ಕ್ ಆಕ್ದೆ. ಗಾರ್ಡ್ ಅಡ್ಡ ಬಂತು. ಬಿಚ್ಚಿ ಬಿಸಾಕ್ದೆ. ಅಷ್ಟೇ.”

ವೆಂಕಟೇಶಪ್ಪ ಮಾಡಿದ್ದೂ ಅದನ್ನೇ. ಚೂರು, ಕಿಡಿ ಮುಖಕ್ಕೆ ಹಾರದಂತೆ ಡಿಸ್ಕಿನ ಮೇಲೆ ಕೂರುವ ಆ ಗಾರ್ಡ್ ಅವನ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು.

“ದೊಡ್ಡ ಡಿಸ್ಕು ಆ ಸ್ಪೀಡ್ ತಡೆಯಲ್ಲ, ಚೂರುಚೂರಾಗಿ ಆರ್ತದೆ. ನಮಗೆ ಗೊತ್ತಿರ್ಲಿಲ್ವಾ? ಟ್ರೈನಿಂಗ್‌ಗೆ ಬಂದ ಉಡುಗ್ರಿಗೆ ನಾವೇ ಕಲಿಸಿದ್ದಲ್ವಾ? ಬಾಗ್ಲು ಬೇರೆ ಆಕ್ಕೊಂಡಿದ್ದೆ. ಮನೆಯವ್ರು ಅದನ್ನ ಒಡೆಯೋವರ್ಗೂ ಕಿರುಚ್ಕೊಂಡು ಅಲ್ಲೇ ಬಿದ್ದಿದ್ದೆ.”

ಮುನಿಲಕ್ಷ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಸಾಕಣ್ಣ. ನಮ್ಮನೆ ಮೆಷಿನ್‌ನ ಇವತ್ತೇ ಗುಜರಿಗೆ ಆಕ್ತೀನಿ.”

“ಆಕ್ಬಿಡು,” ಅಂದ ವೆಂಕಟೇಶಪ್ಪ. ಜಗಳವಿಲ್ಲದೆ ಅವನು ಸೋತಿದ್ದು ಅದೇ ಮೊದಲು. ಮತ್ತೆ ಆ ಟಿವಿ, ಆ ಗೋಡೆ ನೆನೆದು ಅವನ ಎದೆ ಭಾರವಾಯಿತು.

“ಬೇಡಮ್ಮಾ,” ಅಂದ ಸೆಲ್ವರಾಜ್. “ನನ್ನ ಮೆಷಿನ್ ಮಾರಿಬಿಟ್ರು. ಕಣ್ಣಿನ ನೋವು ಒಂದಾದ್ರೆ, ಸುಮ್ಕೆ ಕೂತಿರೋ ನೋವೇ ಇನ್ನೊಂದು. ಅವನು ಕೆಲ್ಸ ಮಾಡ್ಲಿ. ಗಾರ್ಡ್ ಆಕಿ ಮಾಡ್ಲಿ. ಮೆಷಿನ್‌ಗೆ ತಕ್ಕ ಡಿಸ್ಕೇ ಆಕ್ಲಿ, ಸೀಳು ಕಂಡ್ರೆ ಎಸೀಲಿ. ಡಿಸ್ಕ್ ಬದಲಾಯಿಸೋವಾಗ ಪ್ಲಗ್ ಕೀಳ್ಲಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಲುಂಗಿ ಬದ್ಲು ಪ್ಯಾಂಟು. ಅವನಿಗೆ ಶುಗರ್ ಬೇರೆ ಐತೆ. ತಲೆ ಸುತ್ತಿದ ದಿನ ಮೆಷಿನ್ ಕಡೆ ತಿರುಗೀನೂ ನೋಡೋದು ಬೇಡ.”

“ಚಿಲಕ ಆಕ್ಕೊಂಡು ಒಬ್ಬರೇ ಕೂತ್ರೆ ನಾನೇನಣ್ಣ ಮಾಡ್ಲಿ?”

ಸೆಲ್ವರಾಜ್ ಗೆಳೆಯನ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಅಂದ: “ನಾನು ಬತ್ತೀನಿ. ಬಾಗ್ಲಲ್ಲಿ ಕೂತ್ಕೋತೀನಿ. ಮೆಷಿನ್ ಮುಟ್ಟಲ್ಲ. ಇನ್ನೊಂದು ಕಣ್ಣೈತಲ್ಲ, ಇವನನ್ನ ನೋಡ್ಕೊಳ್ಳೋಕೆ ಸಾಕು.”

ವೆಂಕಟೇಶಪ್ಪ ಗೆಳೆಯನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟ.

ಮಾರನೇ ದಿನ ಗಂಡ ಹೆಂಡತಿ ಬಂಗಾರಪೇಟೆಗೆ ಹೋಗಿ ಕನ್ನಡಕ, ಬೂಟು, ನಾಲ್ಕಿಂಚಿನ ಡಿಸ್ಕು ಕೊಂಡರು. ತುಕ್ಕು ಹಿಡಿದಿದ್ದ ಗಾರ್ಡ್ ಬದಲಿಗೆ ಹೊಸದು ತಂದು ಹಾಕಿದ್ದಾಯಿತು. ಗಾಯ ಮಾಗಿದ ಮೇಲೆ ಸೆಲ್ವರಾಜ್ ಬರತೊಡಗಿದ. ಈಗ ಶೆಡ್ಡಿನ ಬಾಗಿಲು ತೆರೆದೇ ಇರುತ್ತದೆ. ಅವನು ತಾನೂ ಒಂದು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, “ಲೇ, ಕನ್ನಡಕ ಎಲ್ಲೋ?” ಅಂತ ಗದರುತ್ತಾನೆ. ಮೊದಲ ಕಿಡಿ ಹಾರಿದಾಗ ಮಾತ್ರ ಈಗಲೂ ಬೆಚ್ಚಿಬಿದ್ದು ಮುಖ ಮುಚ್ಚಿಕೊಳ್ಳುತ್ತಾನೆ. ಆಗ ವೆಂಕಟೇಶಪ್ಪ ಮೆಷಿನ್ ನಿಲ್ಲಿಸಿ, ಅವನು ಕೈ ತೆಗೆಯುವವರೆಗೆ ಕಾಯುತ್ತಾನೆ.

ಅಣ್ಣಂದಿರೇ, ಅಪ್ಪಂದಿರೇ, ರಿಟೈರ್ ಆಯಿತು ಅಂತ ಕೈ ಕಟ್ಟಿ ಕೂರಬೇಡಿ, ಕೆಲಸ ಮಾಡಿ. ಆದರೆ ಇವತ್ತೇ ನಿಮ್ಮ ಮೆಷಿನ್ ಎತ್ತಿ ನೋಡಿ. ಗಾರ್ಡ್ ಇಲ್ಲದಿದ್ದರೆ ಪ್ಲಗ್ ಹಾಕಲೇಬೇಡಿ. ಕಣ್ಣಿಗೆ ಚೂರು ಬಿದ್ದರೆ ಉಜ್ಜದೆ ಸೀದಾ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲಿ ಕೂರಲು ನಿಮಗೂ ಒಬ್ಬ ಗೆಳೆಯ ಇದ್ದಾನಲ್ಲವೇ? ಅವನ ಎರಡೂ ಕಣ್ಣು ಚೆನ್ನಾಗಿರುವಾಗಲೇ ಕರೆಯಿರಿ.