ತಪ್ಪಿದಾಗ ಮಾತಾಡುವವರು

ಜುವೇರಿಯಾ ಕೋಲಾರದ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಮನೆಯಲ್ಲಿ ಒಬ್ಬಳೇ. ವಿದ್ಯುತ್ ಮಂಡಲದ ಪಾಠವನ್ನು ಅವಳು ಕಂಪ್ಯೂಟರಿಗೆಂದು ಸಿದ್ಧ ಮಾಡಿದ್ದಳು. ಪರದೆಯ ಮೇಲಿನ ಬ್ಯಾಟರಿ, ತಂತಿ, ಬಲ್ಬುಗಳನ್ನು ಮಕ್ಕಳೇ ಎಳೆದು ಜೋಡಿಸಬೇಕು. ಸರಿಯಾದರೆ ಬಲ್ಬು ಹತ್ತಿ ಗಂಟೆಯ ಸದ್ದಾಗುತ್ತದೆ. ತಪ್ಪಾದರೆ ಜುವೇರಿಯಾಳ ದನಿ ಕೇಳುತ್ತದೆ: "ಪರವಾಗಿಲ್ಲ ಕಂದ, ಎಲ್ಲಿ ತಪ್ಪಿತು, ಇಬ್ಬರೂ ಸೇರಿ ನೋಡೋಣ."

ಸುತ್ತಲಿನ ಹಲವು ಶಾಲೆಗಳು ಅದನ್ನು ಬಳಸುತ್ತಿದ್ದವು. ಯಾರು ಎಷ್ಟು ಸಲ ತಪ್ಪಿದರೆಂಬ ವರದಿ ಅವಳಿಗೆ ಬರುತ್ತಿತ್ತು. ಮುಳಬಾಗಿಲು ತಾಲ್ಲೂಕಿನ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಗಂಗಾಲಕ್ಷ್ಮಿ ಒಂದೇ ಪ್ರಶ್ನೆಗೆ ಅರವತ್ತೊಂದು ಸಲ ತಪ್ಪಿದ್ದಳು. ಪಾಠದಲ್ಲೇ ಏನೋ ಕೆಟ್ಟಿದೆಯೆಂದು ಜುವೇರಿಯಾಗೆ ದಿಗಿಲಾಯಿತು. ಒಂದು ದಿನ ರಜೆ ಹಾಕಿ ಬಸ್ಸು ಹತ್ತಿದಳು.

ಕಂಪ್ಯೂಟರ್ ಕೋಣೆಯಲ್ಲಿ ಹುಡುಗಿ ಬಾಗಿಲ ಪಕ್ಕ ಮುದುಡಿ ನಿಂತಳು.

"ಹೆದರಬೇಡ. ಜೋಡಿಸಿ ತೋರಿಸು," ಎಂದಳು ಜುವೇರಿಯಾ.

ಅರ್ಧ ನಿಮಿಷಕ್ಕೆ ಬಲ್ಬು ಹತ್ತಿತು.

"ಗೊತ್ತಿದೆಯಲ್ಲೇ! ಮತ್ಯಾಕೆ ಅಷ್ಟು ಸಲ ತಪ್ಪು ಮಾಡಿದೆ?"

"ಸರಿ ಮಾಡಿದ್ರೆ ಗಂಟೆ ಹೊಡೆಯುತ್ತೆ ಅಷ್ಟೇ, ಮಿಸ್. ತಪ್ಪು ಮಾಡಿದ್ರೆ ಒಬ್ರು ಮಾತಾಡ್ತಾರೆ."

ಅವಳ ಅಪ್ಪ ಅಮ್ಮ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದಾರಂತೆ. ಹಾಸ್ಟೆಲಿನಲ್ಲಿ ಎಲ್ಲರೂ ಅವರವರ ಊರಿನವರ ಜತೆ ಕೂರುತ್ತಾರಂತೆ. ಅವಳ ಊರಿಂದ ಬಂದವಳು ಅವಳೊಬ್ಬಳೇ.

"ಅದರಲ್ಲಿ ಮಾತಾಡೋದು ನಾನೇ ಕಣೇ," ಎಂದಳು ಜುವೇರಿಯಾ.

ಹುಡುಗಿ ಅವಳ ಮುಖವನ್ನೇ ನೋಡಿದಳು. "ಅಲ್ಲ ಮಿಸ್. ಅವರ ದನಿ ಇನ್ನೂ ಮೆತ್ತಗಿದೆ."

ಜುವೇರಿಯಾಗೆ ಆ ದನಿಯನ್ನು ಮುದ್ರಿಸಿಕೊಂಡ ದಿನಗಳು ನೆನಪಾದವು. "ಆಗ ನಮ್ಮಮ್ಮಿಗೆ ಹುಷಾರಿರಲಿಲ್ಲ. ಪಕ್ಕದ ರೂಮಲ್ಲಿ ಮಲಗಿದ್ರು. ಎಚ್ಚರ ಆಗಿಬಿಡುತ್ತೆ ಅಂತ ಮೆಲ್ಲಗೆ ಮಾತಾಡಿದ್ದೆ," ಎಂದಳು. "ಅವರು ಹೋದ್ಮೇಲೆ ಹಂಗೆ ಮಾತಾಡಿಲ್ಲ."

ಗಂಗಾಲಕ್ಷ್ಮಿ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕಿಟ್ಟಳು. ಬಸ್ಸಿನ ಹೊತ್ತಿನವರೆಗೂ ಇಬ್ಬರೂ ಉಳಿದ ಮಂಡಲಗಳನ್ನು ಜೋಡಿಸುತ್ತ ಕೂತರು. ಹೊರಡುವಾಗ ಜುವೇರಿಯಾ ತನ್ನ ನಂಬರನ್ನು ಹಾಸ್ಟೆಲಿನ ವಾರ್ಡನ್ ಶ್ಯಾಮಲಮ್ಮನವರಿಗೆ ಕೊಟ್ಟು ಬಂದಳು.

ಭಾನುವಾರ ಮಧ್ಯಾಹ್ನ ವಾರ್ಡನ್ ಫೋನಿನಿಂದ ಗಂಗಾಲಕ್ಷ್ಮಿ ಮಾತಾಡಿದಳು.

"ಏನಮ್ಮ, ಪಾಠ ತಿಳೀಲಿಲ್ವಾ?"

"ತಿಳೀತು ಮಿಸ್. ಸುಮ್ನೆ ಮಾಡಿದೆ. ಊಟ ಆಯ್ತಾ?"

 ಜುವೇರಿಯಾಳನ್ನು ಹಾಗೆ ಯಾರಾದರೂ ಕೇಳಿ ತಿಂಗಳುಗಳೇ ಆಗಿದ್ದವು.

"ಇಲ್ಲ ಕಣೇ, ಇನ್ನೂ ಅನ್ನಕ್ಕೇ ಇಟ್ಟಿಲ್ಲ. ಇಡ್ತೀನಿ, ಫೋನ್ ಇಡಬೇಡ," ಎಂದು ಮಾತಾಡುತ್ತಲೇ ಅಡುಗೆಮನೆಗೆ ಹೋದಳು.