ರಾಜಮತಿ ಅಕ್ಕೋರ ಲ್ಯಾಪ್‌ಟಾಪ್

"ಹಂಗ ಎತ್ತಬ್ಯಾಡ್ರಿ, ವಾಯರ್ ಹರೀತಾವ" ಎಂದು ದಾದಾಸಾಹೇಬ ಹೇಳುವಷ್ಟರಲ್ಲಿ ಮೇಜಿನ ಒಂದು ಬದಿ ಮೊಳದೆತ್ತರ ಎದ್ದಿತ್ತು. ಆ ಬದಿ ಹಿಡಿದವನು ಅವನ ಅಣ್ಣ ಗೊಮ್ಮಟೇಶ. ಈ ಬದಿ ನೆರೆಮನೆಯ ಲಗಮಪ್ಪ. ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಜಾರಿ ಗೋಡೆಗೆ ಬಡಿಯಿತು. ಮುಚ್ಚಳ ತೆರೆದುಕೊಂಡು ಬಿಜಾಗರಿಯ ಹತ್ತಿರ ಚಟ್ ಎಂದಿತು.

ಮೇಜು ತೆಗೆಯದೆ ಗತಿಯಿರಲಿಲ್ಲ. ಹೊರಗಿನ ಕೋಣೆಯಲ್ಲಿ ಹೆಂಡತಿ ರಾಜಮತಿಯನ್ನು ಮಲಗಿಸಬೇಕು, ಜನ ನೋಡಲು ಬರುತ್ತಾರೆ. ಬೆಳಗ್ಗೆ ಐದೂವರೆಗೆ ಎಬ್ಬಿಸಲು ಹೋದಾಗ ಅವಳ ಕೈ ತಣ್ಣಗಾಗಿತ್ತು. ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಹೇಳಿ ಹೋಗಿದ್ದರು.

ದಾದಾಸಾಹೇಬ ಮೊಣಕಾಲೂರಿ ಮೇಜಿನ ಕೆಳಗೆ ಹೊಕ್ಕ. ಪ್ರಿಂಟರಿನದೊಂದು, ಕೀಬೋರ್ಡಿನದೊಂದು, ಗೋಡೆಗೆ ಹೋಗುವವು ಎರಡು, ಎಲ್ಲಿಗೂ ಹೋಗದೆ ಸುತ್ತಿಕೊಂಡವು ಮೂರು. ಯಾವುದು ಯಾವುದಕ್ಕೆ ಸೇರಿದ್ದೆಂದು ಈ ಮನೆಯಲ್ಲಿ ಬಲ್ಲವಳು ಒಬ್ಬಳೇ. ಎಳೆದರೆ ಒಂದೂ ಬರಲಿಲ್ಲ. ಅಳು ಬರಬೇಕಾದ ಹೊತ್ತಿನಲ್ಲಿ ಅವನಿಗೆ ಸಿಟ್ಟು ಬಂತು, ಅದೂ ತಂತಿಗಳ ಮೇಲೆ. ಮೂವತ್ತು ವರ್ಷ ಮೂಡಲಗಿಯ ಪೇಟೆಯ ತನ್ನ ಅಂಗಡಿಯಲ್ಲಿ ಬಟ್ಟೆ ಹರಿದು ಕೊಟ್ಟ ಕೈ ಅವನದು. ಅಂಥ ಕೈಗೆ ಒಂದು ಗಂಟು ಬಿಚ್ಚಲಾಗಲಿಲ್ಲ.

"ಇದನ್ನ ಹಿತ್ತಲದಾಗ ಒಗಿ" ಎಂದ ಗೊಮ್ಮಟೇಶ. ಅವನು ಕೊಣ್ಣೂರಿನಿಂದ ಬಂದು ಇನ್ನೂ ಅರ್ಧ ತಾಸಾಗಿರಲಿಲ್ಲ. "ನಾಳಿ ಗುಜರಿಯವಗ ಹೇಳಿದ್ರ ಒಯ್ತಾನ."

ದಾದಾಸಾಹೇಬ ಮೇಜಿನಡಿಯಿಂದ ಹೊರಗೆ ಬಂದ. ತಂತಿ ಸಮೇತ ಎಲ್ಲವನ್ನೂ ತಬ್ಬಿಕೊಂಡು ಒಯ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಂದ.

*

ಆ ಯಂತ್ರ ಮನೆಗೆ ಬಂದದ್ದು ಎರಡು ಸಾವಿರದ ಇಸವಿಯಲ್ಲಿ, ಈಗ್ಗೆ ನಾಲ್ಕು ವರ್ಷದ ಕೆಳಗೆ. ಅದಕ್ಕೂ ಮೊದಲು ಹದಿನೈದು ವರ್ಷ ಅದೇ ಕೋಣೆಯಲ್ಲಿ ಆರು ಟೈಪ್‌ರೈಟರುಗಳು ಕುಟ್ಟುತ್ತಿದ್ದವು. ಟೀಚರೆಂದು ಊರೆಲ್ಲ ಅಕ್ಕೋರು ಎನ್ನುತ್ತಿದ್ದ ರಾಜಮತಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿತವರು ಗೋಕಾಕದ ಕಚೇರಿಗಳಲ್ಲಿ, ಅರಭಾವಿಯ ಕಾಲೇಜಿನಲ್ಲಿ ಕೆಲಸಕ್ಕಿದ್ದರು. ಆಮೇಲೆ ಎಲ್ಲೆಡೆ ಕಂಪ್ಯೂಟರು ಬಂತು. ಒಂದು ವರ್ಷ ಇಪ್ಪತ್ತು ಜನ ಬಂದರೆ ಮರುವರ್ಷ ಆರು, ಅದರ ಮರುವರ್ಷ ಯಾರೂ ಇಲ್ಲ. ಪೇಟೆಯಲ್ಲಿ ಗಾಜಿನ ಬಾಗಿಲಿನ ಕಂಪ್ಯೂಟರ್ ಕ್ಲಾಸು ತೆರೆಯಿತು. ಅಲ್ಲಿನ ಫೀ ಕೊಡುವ ಮನೆಗಳು ಬೇರೆ, ರಾಜಮತಿಯ ಹತ್ತಿರ ಬರುತ್ತಿದ್ದ ಮನೆಗಳು ಬೇರೆ.

ಗೋಕಾಕದಲ್ಲಿ ಬೀಜದ ಕಂಪನಿಯ ಪ್ರತಿನಿಧಿಯೊಬ್ಬ ಹೊಸದು ಕೊಂಡು ಹಳೆಯದನ್ನು ಮಾರುವವನಿದ್ದ. ಅವಳು ನಾಲ್ಕು ಟೈಪ್‌ರೈಟರು ಕೊಟ್ಟು ಆ ಲ್ಯಾಪ್‌ಟಾಪು ತಂದಳು. ಹಲಗೆಯಷ್ಟು ದಪ್ಪ, ಕಲ್ಲಿನಷ್ಟು ಭಾರ. ಬ್ಯಾಟರಿ ಬರುವಾಗಲೇ ಸತ್ತಿತ್ತು, ಗೋಡೆಗೆ ಚುಚ್ಚಿದರಷ್ಟೇ ಜೀವ. ಶುರುವಾಗಲು ಒಂದು ಚಹಾ ಮಾಡಿ ಕುಡಿಯುವಷ್ಟು ಹೊತ್ತು ಬೇಕು. ಮೂರು ಕೀಲಿ ಒತ್ತಿದರೆ ಒತ್ತಿದಲ್ಲೇ ಕೂರುತ್ತಿದ್ದವು.

ದಾದಾಸಾಹೇಬ ಅಂದೇ ಹೇಳಿದ್ದ, ಮೋಸ ಹೋದಿ ಎಂದು. ಅವಳು ವಾದಿಸಲಿಲ್ಲ. ಒಂದು ತಿಂಗಳು ಅದರ ಮುಂದೆ ಕೂತಳು. ಬಣ್ಣಬಣ್ಣದ ವಿಂಡೋಸ್ ತೆಗೆದುಹಾಕಿ ಕೀಲಿ ಹೊಡೆದೇ ಆಜ್ಞೆ ಕೊಡಬೇಕಾದ, ಕರಿ ಪರದೆಯ ಹಳೆಯ ಡಾಸ್ ಮಾತ್ರ ಉಳಿಸಿದಳು. ಆಗ ಅದು ಎಣಿಸಿ ಇಪ್ಪತ್ತು ಅನ್ನುವುದರಲ್ಲಿ ಎದ್ದು ನಿಲ್ಲತೊಡಗಿತು. ಸುಡುತ್ತದೆಂದು ಗಂಡನ ಅಂಗಡಿಯ ಖಾಲಿ ದಾರದ ರೀಲು ನಾಲ್ಕು ತಂದು ನಾಲ್ಕು ಮೂಲೆಗೆ ಇಟ್ಟಳು, ಅಡಿಯಲ್ಲಿ ಗಾಳಿ ಆಡಿತು. ಕೆಟ್ಟ ಕೀಲಿಗಳ ಗೊಡವೆಗೆ ಹೋಗದೆ ಹೊರಗಿನ ಕೀಬೋರ್ಡು ಜೋಡಿಸಿದಳು. ಶನಿವಾರ ಶನಿವಾರ ಬೇಡದ್ದನ್ನೆಲ್ಲ ಅಳಿಸಿ ಒಳಗೆ ಜಾಗ ಮಾಡುವಳು, ಕಾಳು ಕೇರಿದ ಹಾಗೆ.

ಇರುವುದು ಒಂದು ಯಂತ್ರ, ಹುಡುಗಿಯರು ಏಳು. ಒಬ್ಬೊಬ್ಬಳಿಗೆ ಹತ್ತು ನಿಮಿಷ. ಉಳಿದ ಹೊತ್ತು ರಟ್ಟಿನ ಮೇಲೆ ಬರೆದ ಕೀಲಿಗಳ ಮೇಲೆ ಬೆರಳಾಡಿಸಬೇಕು, ಅದೂ ಗೋಡೆ ನೋಡುತ್ತ. ಅಂಗಡಿಯಿಂದ ಊಟಕ್ಕೆ ಬಂದ ದಾದಾಸಾಹೇಬನಿಗೆ ಪಡಸಾಲೆಯಲ್ಲಿ ಸಾಲಾಗಿ ಕೂತು ಸದ್ದಿಲ್ಲದೆ ರಟ್ಟು ಬಡಿಯುವ ಹುಡುಗಿಯರನ್ನು ಕಂಡರೆ ನಗಬೇಕೋ ಸಿಡುಕಬೇಕೋ ತಿಳಿಯುತ್ತಿರಲಿಲ್ಲ. ಹೆಚ್ಚಾಗಿ ಸಿಡುಕುತ್ತಿದ್ದ. ಅವರನ್ನು ದಾಟಿಕೊಂಡು ಒಳಗೆ ಹೋಗುವುದೇ ಒಂದು ಕೆಲಸವಾಗಿತ್ತು.

*

ಮಗಳು ತ್ರಿಶಲಾ ಸಾಂಗ್ಲಿಯಿಂದ ಬರುವಾಗ ಹನ್ನೆರಡಾಗಿತ್ತು. ಹೆಂಗಸರು ತಲೆದಿಕ್ಕಿನಲ್ಲಿ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು. ಅವಳು ತಾಯಿಯ ಕಾಲ ಹತ್ತಿರ ಕುಸಿದು ಕೂತಳು. ಸ್ವಲ್ಪ ಹೊತ್ತಾದ ಮೇಲೆ, ನಿನ್ನೆ ಏನಾದರೂ ತ್ರಾಸು ಅಂದಿದ್ದಳೇ ಎಂದು ತಂದೆಯನ್ನು ಕೇಳಿದಳು. ಏನೂ ಅಂದಿರಲಿಲ್ಲ ಎಂದ ದಾದಾಸಾಹೇಬ. ಅದು ಖರೆಯೇ ಇತ್ತು.

ಬಂದವರು ತಮಗೆ ತಿಳಿದದ್ದು ಆಡಿಕೊಂಡರು. ಮೆಳವಂಕಿಯ ಒಬ್ಬ ಮುದುಕ, ಅಕ್ಕೋರು ತನ್ನ ಮೊಮ್ಮಗಳಿಗೆ ಕಾಸು ತೆಗೆದುಕೊಳ್ಳದೆ ಕಲಿಸಿದ್ದನ್ನು ಹೇಳಿದ. ಗೊಮ್ಮಟೇಶನ ಹೆಂಡತಿ, ಮಾತು ಕೇಳುವ ಹೆಂಗಸಾಗಿರಲಿಲ್ಲ, ಆದರೂ ಒಳ್ಳೆಯವಳು ಎಂದಳು. ಯಾರೋ ಒಬ್ಬರು, ನಿನ್ನೆ ಮಟಮಟ ಮಧ್ಯಾಹ್ನ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ನೋಡಿದೆವು, ಸೆರಗಿನಿಂದ ಮುಖ ಒರೆಸುತ್ತ ನಿಂತಿದ್ದಳು, ಇಂಥ ಬಿಸಿಲಿನಲ್ಲಿ ಅದೇನು ಕೆಲಸವಿತ್ತೋ ಎಂದರು. ದಾದಾಸಾಹೇಬ ಎದ್ದು ಹೊರಗೆ ಹೋದ.

ಹೊರಗೆ ಬೇವಿನ ಮರದ ಕೆಳಗೆ ಏಳು ಹುಡುಗಿಯರು ನಿಂತಿದ್ದರು. ಅಕ್ಕೋರಿದ್ದಾಗ ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ಬರುತ್ತಿದ್ದವರು ಇಂದು ನೆಂಟರ ಮುಖ ನೋಡಿ ಹೊಸ್ತಿಲು ದಾಟಿರಲಿಲ್ಲ. ಶವ ಎತ್ತಿದಾಗ ಬೀದಿಯ ತಿರುವಿನವರೆಗೆ ಹಿಂದೆ ನಡೆದು ಅಲ್ಲಿಯೇ ನಿಂತರು.

*

ಅಡಾಪ್ಟರು ಸುಟ್ಟು ಹನ್ನೆರಡು ದಿನವಾಗಿತ್ತು. ಅದು ಗೋಡೆಯ ಕರೆಂಟನ್ನು ಲ್ಯಾಪ್‌ಟಾಪಿಗೆ ಹದ ಮಾಡಿ ಕೊಡುವ ಕರಿ ಡಬ್ಬಿ. ಅದಿಲ್ಲದೆ ಯಂತ್ರ ಬರೀ ಕಲ್ಲು. ಗೋಕಾಕದ ರಿಪೇರಿಯವನ ಹತ್ತಿರ ಹಳೆಯದೊಂದು ಸಿಗುತ್ತದೆ, ತಂದುಕೊಡಿ ಎಂದು ರಾಜಮತಿ ಮೊದಲ ಸಲ ಕೇಳಿದಾಗ ಅವನು ನೋಡೋಣ ಎಂದ. ಎರಡನೆಯ ಸಲ ಕೇಳಿದಾಗ, ಲಗ್ನದ ಸೀಜನ್ನು, ಅಂಗಡಿ ಬಿಟ್ಟು ಹೇಗೆ ಹೋಗಲಿ ಎಂದ. ಖರೆ, ಏಪ್ರಿಲ್ ತಿಂಗಳು ಅವನಿಗೆ ಉಸಿರಾಡಲು ಪುರಸೊತ್ತಿರುತ್ತಿರಲಿಲ್ಲ. ಮೂರನೆಯ ಸಲ ಅವಳು ಅಂಗಡಿಗೇ ಬಂದಳು. ಎದುರಿಗೆ ಸೀರೆಗಳ ಮಡಿಕೆ ಬಿಚ್ಚಿಸಿ ನೋಡುತ್ತ ಕೂತ ಗಿರಾಕಿಗಳಿದ್ದರು.

"ಶುಕ್ರವಾರದೊಳಗ ಬೇಕಾಗೈತ್ರಿ" ಎಂದಳು.

"ಆ ಹಳೇ ಡಬ್ಬಿ ಸಲುವಾಗಿ ನಾ ಗೋಕಾಕಕ್ಕ ಹೋಗಾಂಗಿಲ್ಲ. ಸತ್ತದ್ದನ್ನ ಎಷ್ಟ್ ದಿನ ಹೊತಗೊಂಡ ಅಡ್ಡಾಡ್ತಿ?"

ಗಿರಾಕಿಗಳಲ್ಲಿ ಒಬ್ಬಳು ನಕ್ಕಳು. ಶುಕ್ರವಾರ ಏಕೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ, ತಿರುಗಿ ಹೋದಳು.

ನಿನ್ನೆ ಬುಧವಾರ ಅವಳೇ ಗೋಕಾಕಕ್ಕೆ ಹೋಗಿ ಬಂದಳು. ರಾತ್ರಿ ಅವನು ಅಂಗಡಿ ಮುಚ್ಚಿ ಬಂದಾಗ ಆಗಲೇ ಮಲಗಿದ್ದಳು. ಕಣ್ಣು ತೆರೆದು "ಸಿಕ್ತು" ಎಂದಳು, ಅಷ್ಟೇ. ಅವನು ದೀಪ ಆರಿಸಿದ.

*

ಸ್ಮಶಾನದಿಂದ ಬಂದು ತಲೆಯ ಮೇಲೆ ನೀರು ಹಾಕಿಕೊಂಡಾಗ ಸಂಜೆ ನಾಲ್ಕೂವರೆ. ಪಡಸಾಲೆಯಲ್ಲಿ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಹುಡುಗಿಯರು ಬೇವಿನ ಮರದ ಕೆಳಗೆ ಇದ್ದಲ್ಲೇ ಇದ್ದರು. ದಾದಾಸಾಹೇಬನಿಗೆ ರೇಗಿತು. ಹೊರಗೆ ಹೋಗಿ, ಇನ್ನೂ ಏನಿದೆ ಇಲ್ಲಿ, ಮನೆಗೆ ಹೋಗಬಾರದೇ ಎಂದ.

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಗುಡ್ಡವ್ವ ಮುಂದೆ ಬಂದಳು. ಅವಳ ತಾಯಿ ಕಬ್ಬು ಕಡಿಯಲು ಹೋಗುವವಳು. ಏಳು ಜನರಲ್ಲಿ ಎಲ್ಲರಿಗಿಂತ ಹಳಬಳು ಅವಳೇ.

"ನಾಳಿ ಹತ್ತಕ್ಕ ಹುಕ್ಕೇರ್ಯಾಗ ಪರೀಕ್ಷಾ ಐತ್ರಿ ಕಾಕಾರ. ಡೇಟಾ ಎಂಟ್ರಿ ಕೆಲಸದ್ದು. ಕಲ್ತದ್ದಕ್ಕ ಸರ್ಟಿಫಿಕೇಟ ಇಲ್ಲಂದ್ರ ಒಳಗ ಬಿಡೂದಿಲ್ಲಂತ. ಅಕ್ಕೋರು ಎಲ್ಲಾರದೂ ಟೈಪ ಮಾಡಿ ಇಟ್ಟಾರ್ರಿ. ಯಂತ್ರದಾಗ ಅದಾವು."

ನಾಳೆ ಶುಕ್ರವಾರ.

ಗುಡ್ಡವ್ವ ತಲೆ ತಗ್ಗಿಸಿ, "ಹೋಗಂದ್ರ ಹೋಗ್ತೇವ್ರಿ" ಎಂದಳು.

ದಾದಾಸಾಹೇಬ ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ ಹೆಂಡತಿಯ ಚೀಲ ಇಳಿಸಿದ. ನೀರಿನ ಬಾಟಲಿ, ಎರಡು ಬಸ್ ಟಿಕೀಟು, ಹಾಳೆಯಲ್ಲಿ ಸುತ್ತಿದ ಕರಿ ಡಬ್ಬಿ. ಅದನ್ನು ಹಿಡಿದುಕೊಂಡೇ ಹಿತ್ತಲಿಗೆ ಹೋದ. ಕಲ್ಲಿನ ಮೇಲಿದ್ದುದನ್ನೆಲ್ಲ ಹೊರಗಿನ ಕೋಣೆಗೆ ಹೊತ್ತು ತಂದ. ಏನು ಮಾಡುತ್ತೀರಿ, ಜನ ಏನಂದಾರು ಎಂದು ತ್ರಿಶಲಾ ಮೆಲ್ಲಗೆ ಅಂದಳು. ಅವನು ಗುಡ್ಡವ್ವನನ್ನು ಒಳಗೆ ಕರೆದ. ತಂತಿಗಳನ್ನು ಅವಳೇ ಬಿಡಿಸಿ ಎಲ್ಲಿಯದು ಅಲ್ಲಿಗೆ ಚುಚ್ಚಿದಳು.

ಅಡಾಪ್ಟರಿನ ಪಿನ್ನು ಸಡಿಲಿತ್ತು. ರಂಧ್ರದೊಳಗೆ ಹೊಕ್ಕರೂ ಲಟಲಟ ಅಲ್ಲಾಡಿತು. ಹಸಿರು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ದಾದಾಸಾಹೇಬ ನೆಲಕ್ಕೆ ಕೂತು ಪಿನ್ನನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದ. ದೀಪ ನಿಂತಿತು. ಒಳಗೆ ಗರಗರ ಸದ್ದಾಗಿ ಒಮ್ಮೆ ಪೀಂ ಎಂದಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬೆಳಗ್ಗೆ ಚಟ್ ಎಂದದ್ದು ಅದರ ಪ್ರಾಣವೇ ಇರಬೇಕು. ಗುಡ್ಡವ್ವ ಮುಚ್ಚಳವನ್ನು ಹಿಂದೆ ಮುಂದೆ ಆಡಿಸಿ ನೋಡಿದಳು. ಒಂದು ಗೆರೆಯೂ ಮೂಡಲಿಲ್ಲ.

"ಸತ್ತೈತಿ, ಬಿಡು" ಎಂದ ದಾದಾಸಾಹೇಬ. ಇಷ್ಟು ಹೊತ್ತು ಬಾರದ ಅಳು ಈ ಡಬ್ಬಿಯ ಮುಂದೆ ಬರುವಂತಾಯಿತು. ಅದಕ್ಕೂ ಅವನಿಗೆ ಸಿಟ್ಟೇ ಬಂತು.

ಗುಡ್ಡವ್ವ ಕಿವಿಗೊಟ್ಟು ಕೇಳುತ್ತಿದ್ದಳು. "ಇಲ್ರಿ ಕಾಕಾರ. ಒಳಗ ನಡದೈತಿ. ನೀವು ಕೈ ಬಿಡಬ್ಯಾಡ್ರಿ."

ಅವಳು ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಕೀಬೋರ್ಡಿನ ಮೇಲಿಟ್ಟಳು. ಕಣ್ಣು ಗೋಡೆಯ ಮೇಲಿತ್ತು. ಬೆರಳು ಓಡಿದವು: ಪ್ರತಿ ಮಾಡು ಎನ್ನುವ ಆಜ್ಞೆ, ಒಂದು ಬಿಡುವು, ಕಡತದ ಹೆಸರು, ಮತ್ತೊಂದು ಬಿಡುವು, ಪ್ರಿಂಟರಿನ ಮೂರಕ್ಷರ, ಎಂಟರ್. ಏನೂ ಆಗಲಿಲ್ಲ. ಎಲ್ಲೋ ಒಂದು ಅಕ್ಷರ ತಪ್ಪಿತ್ತು, ಎಲ್ಲಿ ಎಂದು ನೋಡಲು ಕಣ್ಣಿಲ್ಲ. ಮತ್ತೆ ಮೊದಲಿನಿಂದ. ಮತ್ತೂ ಏನೂ ಆಗಲಿಲ್ಲ. ದಾದಾಸಾಹೇಬನ ಹೆಬ್ಬೆರಳು ನೋಯತೊಡಗಿತು. ಬಾಗಿಲಲ್ಲಿ ನಿಂತ ಲಗಮವ್ವ ಎಂಬ ಹುಡುಗಿ ಮೆಲ್ಲಗೆ ನೆನಪಿಸಿದಳು, ಕಡತದ ಹೆಸರಿಗೆ ಈ ಯಂತ್ರ ಎಂಟಕ್ಕಿಂತ ಹೆಚ್ಚು ಇಂಗ್ಲಿಷ್ ಅಕ್ಷರ ಹಿಡಿಯುವುದಿಲ್ಲ, ಒಂಬತ್ತಾಗುವ ತನ್ನ ಹೆಸರಿನ ಕೊನೆಯ ಅಕ್ಷರವನ್ನು ಅಕ್ಕೋರು ಬಿಟ್ಟಿದ್ದರು ಎಂದು. ಗುಡ್ಡವ್ವ ಹೊಡೆಯುತ್ತಿದ್ದುದು ಲಗಮವ್ವನ ಹೆಸರನ್ನೇ. ಕೊನೆಯ ಅಕ್ಷರ ಬಿಟ್ಟು ಮತ್ತೆ ಹೊಡೆದಳು.

ಪ್ರಿಂಟರು ಬೆಚ್ಚಿಬಿದ್ದಂತೆ ಅಲುಗಿತು. ಆಮೇಲೆ ಕಿರ್ರೆಂದು ಕಿರುಚಿಕೊಂಡು ಕಾಗದದ ಮೇಲೆ ಓಡಾಡತೊಡಗಿತು.

ಪಡಸಾಲೆಯ ಮಾತು ನಿಂತುಹೋಯಿತು. ಗೊಮ್ಮಟೇಶ ಬಾಗಿಲಿಗೆ ಬಂದ. ಹೆಣ ಹೋದ ಮನೆ, ನೆಲ ಇನ್ನೂ ಒಣಗಿಲ್ಲ, ತಮ್ಮ ನೆಲದ ಮೇಲೆ ಕೂತು ಮಿಷನ್ ಹಿಡಿದಿದ್ದಾನೆ. ಬುದ್ಧಿ ಇದೆಯೇ, ಎದ್ದು ಬಾ ಎಂದು ಗದರಿದ. ಹಿರಿಯಣ್ಣ ಬಂದರೆ ದಾದಾಸಾಹೇಬ ಕೂತಲ್ಲಿಂದ ಏಳದೆ ಇದ್ದವನಲ್ಲ. ಎದ್ದರೆ ಹೆಬ್ಬೆರಳು ಬಿಡಬೇಕು.

"ಏಳಾಕ ಬರೂದಿಲ್ಲ ಅಣ್ಣಾ" ಎಂದ.

ಒಂದಾಯಿತು, ಎರಡಾಯಿತು. ನಾಲ್ಕನೆಯದು ಅರ್ಧ ಬಂದಾಗ ಪ್ರಿಂಟರು ಸಾಲಿನ ನಡುವೆ ಸ್ತಬ್ಧವಾಯಿತು. ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಓಣಿಯಲ್ಲಿ ಯಾರೋ, ಹೋತು ನೋಡು ಲೈಟು ಎಂದರು. ಕರೆಂಟು ತೆಗೆಯುವ ಇಂದಿನ ಸಂಜೆಯ ಪಾಳಿ ಮೂರು ತಾಸು, ಎಂಟಕ್ಕೆ ಮೊದಲು ಬರುವುದಿಲ್ಲ. ಸುತ್ತಲಿನ ಊರುಗಳಿಗೆ ಹೋಗುವ ಹುಡುಗಿಯರ ಕಡೆಯ ಬಸ್ಸು ಆರೂವರೆಗೆ.

ದಾದಾಸಾಹೇಬ ಮರಗಟ್ಟಿದ ಹೆಬ್ಬೆರಳನ್ನು ನೋಡಿಕೊಂಡ. ಲೈಟು ಹೋದಾಗ ಅಕ್ಕೋರು ಏನು ಮಾಡುತ್ತಿದ್ದರು ಎಂದು ಕೇಳಿದ. ನಾಲ್ಕು ವರ್ಷ ಅದೇ ಮನೆಯಲ್ಲಿದ್ದು ಈಗ ಕೇಳಿದ. ಲಗಮಪ್ಪ ಕಾಕಾರ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರುತ್ತಿದ್ದರು, ಆ ತಂತಿಗಳ ಜೊತೆಗಿದ್ದ ಚಿಕ್ಕ ಇನ್ವರ್ಟರ್ ಡಬ್ಬಿಗೆ ಜೋಡಿಸುತ್ತಿದ್ದರು ಎಂದಳು ಗುಡ್ಡವ್ವ. ಯಾರು ಹೊತ್ತು ತರುತ್ತಿದ್ದರು ಎಂದ. ಅಕ್ಕೋರೇ ಎಂದಳು.

ಅವನು ಪಿನ್ನನ್ನು ಮಗಳ ಕೈಗೆ ಕೊಟ್ಟು ಎದ್ದ.

ಏಳು ಸರ್ಟಿಫಿಕೇಟುಗಳೂ ಆರಕ್ಕೆ ಮೊದಲು ಮುಗಿದವು. ಸಹಿಯ ಜಾಗದಲ್ಲಿ ರಾಜಮತಿಯ ಪರವಾಗಿ ಎಂದು ಬರೆದು ದಾದಾಸಾಹೇಬನೇ ಸಹಿ ಮಾಡಿದ. ಹುಕ್ಕೇರಿಯಲ್ಲಿ ಅದನ್ನು ಯಾರೂ ಓದಲೂ ಇಲ್ಲ. ಲಗಮವ್ವ ಸೇರಿ ಮೂವರಿಗೆ ಕೆಲಸವಾಯಿತು. ಗುಡ್ಡವ್ವನಿಗೆ ಆಗಲಿಲ್ಲ. ಪರದೆ ನೋಡದೆ ಹೊಡೆಯುವವಳಿಗೆ ಅಲ್ಲಿಯ ಹೊಸ ಯಂತ್ರದ ಮೌಸು ಹಿಡಿದು ರೂಢಿಯಿರಲಿಲ್ಲ. ಅವಳು ಮತ್ತೆ ಒಂದು ವರ್ಷ ತಾಯಿಯ ಜೊತೆ ಕಬ್ಬಿಗೆ ಹೋದಳು. ಅದೆಲ್ಲ ಆಮೇಲಿನ ಮಾತು.

ಆ ಸಂಜೆ ಲಗಮಪ್ಪ, ನಾನು ತರುತ್ತೇನೆ ಬಿಡ್ರಿ, ನೀವು ಇವತ್ತು ಇಂಥಾದ್ದು ಎತ್ತಬಾರದು ಎನ್ನುತ್ತಲೇ ಇದ್ದ. ದಾದಾಸಾಹೇಬ ಕೇಳಲಿಲ್ಲ. ಬ್ಯಾಟರಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಬೀದಿ ದಾಟಿದ. ಸ್ನಾನ ಮಾಡಿ ಉಟ್ಟ ಬಿಳಿ ಧೋತರದ ಮೇಲೆ ಆಸಿಡ್ಡು ತೊಟ್ಟಿಕ್ಕಿ ಅಲ್ಲಲ್ಲಿ ಹಳದಿ ಕಲೆ ಎದ್ದಿತ್ತು. ಭಾರಕ್ಕೆ ಬೆನ್ನು ಬಾಗಿ, ಹೆಜ್ಜೆ ಕಾಣದೆ, ಪಾದದಿಂದ ನೆಲ ತಡಕುತ್ತ ಅವನು ಮೆಟ್ಟಿಲೇರಿ ಬಂದ. ಪಡಸಾಲೆಯಲ್ಲಿ ಕೂತ ಹೆಂಗಸರು ಒಬ್ಬೊಬ್ಬರಾಗಿ ಚಾಚಿದ ಕಾಲನ್ನು ಒಳಗೆಳೆದುಕೊಂಡರು.